ಹಿಂದಿನಿಂದ ಕೂಗದ ಊರು

ಮದರಾಸಿನ ಬೆಸೆಂಟ್ ನಗರದಲ್ಲಿ ಒಂದು ರಾತ್ರಿಯ ರೂಮಿಗೆ ನಾನು ಎರಡೂವರೆ ಸಾವಿರ ಕೊಟ್ಟೆ. ಸಾವಿರದ ಎಂಟುನೂರಕ್ಕೆ ಮುಗಿಯಬೇಕಾದ ವ್ಯವಹಾರ. ಮುಗಿಯಲಿಲ್ಲ, ಏಕೆಂದರೆ ಆ ಊರಿನಲ್ಲಿ ಯಾರೂ ಗಿರಾಕಿಯನ್ನು ಹಿಂದಿನಿಂದ ಕೂಗುವುದಿಲ್ಲ.

ಗಾಂಧಿ ಬಜಾರಿನಲ್ಲಿ ಬಾಳೆಲೆ ಮಾರಿ ಹನುಮಂತನಗರದಲ್ಲಿ ಮನೆ ಕಟ್ಟಿದವನು ನಾನು. ಚೌಕಾಸಿಯಲ್ಲಿ ಬಾಯಿಗಿಂತ ಬೆನ್ನಿಗೆ ಬೆಲೆ ಹೆಚ್ಚು. ನಮ್ಮ ದರ ಹೇಳಿ, ಬೆನ್ನು ತಿರುಗಿಸಿ ನಡೆದುಬಿಡಬೇಕು. ಬದನೆಕಾಯಿಯವಳು ನಾಲ್ಕೇ ಹೆಜ್ಜೆಗೆ ಕೂಗುತ್ತಾಳೆ. ಪಾತ್ರೆ ಅಂಗಡಿಯವನು ನಾವು ಹೊಸ್ತಿಲು ದಾಟುವವರೆಗೆ ಬಿಗಿದುಕೊಂಡಿರುತ್ತಾನೆ. ಹೂವಿನವರು ಮಾತ್ರ ಬಲು ಗಟ್ಟಿ. ಪಕ್ಕದ ಬುಟ್ಟಿಗೆ ಕೈ ಹಾಕಿದ ಮೇಲೆಯೇ, “ಬನ್ನಿ ಸಾರ್, ಬೋಣಿ ಟೈಮು” ಎನ್ನುತ್ತಾರೆ.

ಬೆಸೆಂಟ್ ನಗರದ ಬೀಚಿನ ಬೀದಿಯಲ್ಲಿ ನಾಯಿ ರಸ್ತೆಯ ಮಧ್ಯೆ ಮಲಗಿರುತ್ತದೆ, ಕಾರು ಸುತ್ತುಹಾಕಿ ಹೋಗುತ್ತದೆ. ಇಲ್ಲಿ ಯಾರಿಗೂ ಅವಸರವಿಲ್ಲವೆಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಮಹಡಿಯ ರೂಮು, ಸಮುದ್ರದ ಕಡೆಗೆ ಬಾಲ್ಕನಿ. ಮನೆಯ ಯಜಮಾನರು ಹಿಂದೆ ಶೇಷಾದ್ರಿಪುರದಲ್ಲಿ ಕೆಲಸದಲ್ಲಿದ್ದವರು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

“ಎರಡೂವರೆ, ಸಾರ್,” ಎಂದರು, ಪೇಪರಿನಿಂದ ತಲೆ ಎತ್ತದೆ.

ನಾನು ಸಾವಿರದ ಎಂಟುನೂರು ಎಂದು ಹೇಳಿ ಬೆನ್ನು ತಿರುಗಿಸಿದೆ. ಹತ್ತು ಹೆಜ್ಜೆ. ಇಪ್ಪತ್ತು. ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ ಹಿಂದೆ ನೋಡಿದರೆ ಆತ ಪೇಪರಿನ ಪುಟ ತಿರುಗಿಸುತ್ತಿದ್ದಾರೆ. ನನ್ನ ಹೆಂಡತಿ ಜಯಮ್ಮ ಆ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ!

“ಏಳೇ, ಸ್ಟೇಷನ್ ಹತ್ರ ಅಗ್ಗದ ಲಾಡ್ಜಿದೆ. ಬೆಳಗ್ಗೆ ಸಮುದ್ರ ನೋಡೋಕೆ ಆಟೊ ಹಿಡಿದು ಬಂದ್ಬಿಡೋಣ.”

“ಆಟೊದವನ ಹತ್ರ ನಿಮ್ಮ ಚೌಕಾಸಿ ಮುಗಿಯೋಷ್ಟೊತ್ತಿಗೆ ಸೂರ್ಯ ನೆತ್ತಿ ಮೇಲಿರ್ತಾನೆ. ನೀವು ಹೋಗ್ರೀ. ಮೂವತ್ತು ವರ್ಷ ಸೂರ್ಯ ಹುಟ್ಟೋ ಹೊತ್ತಿಗೆ ನಾನು ಮಾರ್ಕೆಟ್ಟಲ್ಲಿ ತಲೆ ಬಗ್ಸಿ ಎಲೆ ಎಣಿಸ್ತಿದ್ದೆ. ನಾಳೆ ಒಂದಿನ ಅವನು ಹುಟ್ಟೋದನ್ನ ನೋಡ್ತೀನಿ.”

ಎಲೆಯ ಕಟ್ಟು ಹಿಡಿದು ತರುತ್ತಿದ್ದವನು ನಾನು. ಎಣಿಸಲು ಕೂರಿಸಿದವನೂ ನಾನೇ. ಅವಳಿಗೆ ಇಂಥದೊಂದು ಆಸೆಯಿದೆಯೆಂದು ಮಾತ್ರ ಗೊತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ವಾಪಸು ನಡೆದೆ. ನಡೆದು ಅಭ್ಯಾಸವಿಲ್ಲದ ದಿಕ್ಕು, ಸ್ವಲ್ಪ ದೂರವೆನಿಸಿತು. ಯಜಮಾನರು ಗೆದ್ದ ಮುಖ ಮಾಡಲಿಲ್ಲ. “ಬಾಲ್ಕನಿ ಬಾಗಿಲು ಬಿಗಿ, ಒಂಚೂರು ಒದೀಬೇಕು,” ಎಂದು ಬೀಗದ ಕೈ ಕೊಟ್ಟರು.

ಬೆಳಗ್ಗೆ ಎದ್ದರೆ ಸಮುದ್ರದ ಮೇಲೆ ಮೋಡ. ಹೆಚ್ಚಿಗೆ ಕೊಟ್ಟ ಏಳುನೂರು ರೂಪಾಯಿಯನ್ನು ನಾನು ಇನ್ನೊಮ್ಮೆ ಲೆಕ್ಕ ಹಾಕಿದೆ. ಜಯಮ್ಮ ಕಂಬಿ ಹಿಡಿದು ಅಲುಗದೆ ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಮೋಡದ ಅಂಚಿನಿಂದ ಕೆಂಪಗೆ, ಅರ್ಧವೇ ಸೂರ್ಯ ಕಾಣಿಸಿದ.

“ಅರ್ಧಕ್ಕೆ ಪೂರ್ತಿ ದುಡ್ಡು ಇಸ್ಕೊಂಡ್ರಲ್ಲೇ!” ಎಂದೆ.

“ಸುಮ್ನಿರ್ರೀ, ಬರ್ತಿದಾನೆ,” ಎಂದಳು. ಅವಳ ಪಕ್ಕ ಹೋಗಿ ನಾನೂ ಕಂಬಿ ಹಿಡಿದೆ.

ಹೋಗುವವರಿಗೆ ಹೇಳುತ್ತೇನೆ: ಶನಿವಾರ, ಭಾನುವಾರ ಬೇಡ. ಬಾಲ್ಕನಿ ಪೂರ್ವಕ್ಕಿದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಫ್ಲಾಸ್ಕಿನಲ್ಲಿ ಹಿಂದಿನ ರಾತ್ರಿಯೇ ಕಾಫಿ ತುಂಬಿಸಿಡಿ. ಮತ್ತೆ, ರೈಲಿನ ಟಿಕೆಟ್ ತೆಗೆಯುವ ಮುಂಚೆಯೇ ಜೊತೆಗೆ ಬರುವವರನ್ನು ಏನು ನೋಡಬೇಕೆಂದು ಕೇಳಿಬಿಡಿ. ನಾನು ಮೂವತ್ತು ವರ್ಷ ತಡ ಮಾಡಿದೆ.