ಇದ್ದಲಿ ಬೇಡವಾದ ಮುಖ

ನೀವು ಬೈದರೂ ಸರಿ, ಹೇಳಿಬಿಡುತ್ತೇನೆ. ಹೋದ ಶನಿವಾರ ಟಿಕೋಟಾದ ಒಂದು ಶಾಲೆಯ ಗ್ಯಾದರಿಂಗಿಗೆ ಡಾನ್ಸ್ ಜಡ್ಜ್ ಆಗಿ ಹೋದವಳು ಇನ್ನೂ ಸುಧಾರಿಸಿಕೊಂಡಿಲ್ಲ.

ಮೇಕಪ್ ನಡೆದಿದ್ದ ಕ್ಲಾಸ್‌ರೂಮಿಗೆ ಸುಮ್ಮನೆ ಇಣುಕಿದೆ. ಎಂಟು ಹುಡುಗಿಯರು ಸೊಂಟಕ್ಕೆ ಜೋಳದ ರವದಿ, ಅಂದರೆ ಒಣಗಿದ ಗರಿ, ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಡಾನ್ಸ್ ಟೀಚರ್ ಅವರ ಮುಖಕ್ಕೆ, ಕೈಗೆ ಎಣ್ಣೆಯಲ್ಲಿ ಕಲಸಿದ ಇದ್ದಲಿ ಪುಡಿ ಬಳಿಯುತ್ತಿದ್ದರು. ಸಿನಿಮಾ ಹಾಡು. ಆಫ್ರಿಕಾದ ಕಾಡಿನವರು ಹೂ ಹಾ ಎಂದು ಕುಣಿಯಬೇಕು, ನಡುವೆ ಬಿಳಿ ಗೌನಿನ ಹೀರೋಯಿನ್ ನಗಬೇಕು.

ಈ ಮಕ್ಕಳು ಆಫ್ರಿಕಾದವರೊಬ್ಬರನ್ನಾದರೂ ಕಂಡಿದ್ದಾರೆಯೇ? ಇಲ್ಲ, ಸಿನಿಮಾ ಕಂಡಿದ್ದಾರೆ. (ಅಲ್ಲಿಂದ ಬಂದವರು ಆದಿಲ್‌ಶಾಹಿ ಕಾಲಕ್ಕೆ ನಮ್ಮದೇ ವಿಜಯಪುರದಲ್ಲಿ ದಿವಾನಗಿರಿ ಮಾಡಿದ್ದರು. ಅದನ್ನು ಯಾವ ಹಾಡೂ ಹೇಳುವುದಿಲ್ಲ.)

ಮೂಲೆಯಲ್ಲಿ ಇನ್ನೊಬ್ಬಳಿದ್ದಳು, ಎಂಟನೇ ಕ್ಲಾಸಿನ ಸುಮಂಗಲಾ. ಅವಳಿಗೂ ರವದಿ ಕಟ್ಟಿದ್ದರು, ಮುಖಕ್ಕೆ ಮಾತ್ರ ಏನೂ ಬಳಿದಿರಲಿಲ್ಲ.

“ಯಾಕವ್ವಾ, ನಿನಗ ಹಚ್ಚಿಲ್ಲೇನು?”

“ನನಗ ಬ್ಯಾಡಂತ್ರಿ. ನಾ ಮೊದಲ ಕರ್ರಗ ಅದೇನಲ್ರಿ.”

ಅಳಲಿಲ್ಲ, ಮುನಿಯಲಿಲ್ಲ. ಊಟ ಆಯ್ತು ಅನ್ನುವಷ್ಟು ಸಲೀಸಾಗಿ ಹೇಳಿದಳು! ಇನ್ನೊಂದು ಪೆಟ್ಟು ಬಾಕಿಯಿತ್ತು, ಪಕ್ಕದ ಹುಡುಗಿಯರು ಹೇಳಿದರು: ಹೀರೋಯಿನ್‌ಗೆ ಸ್ಟೆಪ್ ಕಲಿಸಿದವಳೂ ಇವಳೇ. ನಡುವೆ ನಿಲ್ಲಬೇಕೆಂದು ಆಸೆಪಟ್ಟವಳೂ ಇವಳೇ.

ಟೀಚರ್ ಅವರನ್ನು ಕೇಳಿಯೇಬಿಟ್ಟೆ.

“ಹೌದ್ರಿ ಮೇಡಂ, ಎಲ್ಲಾರಕಿಂತ ಆಕಿನ ಚಲೋ ಕುಣಿತಾಳ. ಆದ್ರ ಹೀರೋಯಿನ್ ಬೆಳ್ಳಗ ಇರಬೇಕಲ್ರಿ? ವಿಡಿಯೋ ಮಾಡಿ ಸ್ಟೇಟಸ್ ಇಡ್ತಾರ. ಆಮ್ಯಾಲ ನನಗ ಬೈತಾರ್ರಿ.”

ಟೀಚರ್ ಕೆಟ್ಟವರಲ್ಲ. ಅವರ ಕುತ್ತಿಗೆಗೂ ಮುಖಕ್ಕೂ ಬಣ್ಣ ಹೊಂದುತ್ತಿರಲಿಲ್ಲ, ಅಷ್ಟು ಪೌಡರ್. ಹೀರೋ ಕಪ್ಪಗಿದ್ದರೆ ಮಾಸ್ ಎಂದು ಶಿಳ್ಳೆ ಹೊಡೆಯುತ್ತೇವೆ. ಹೀರೋಯಿನ್ ಕಪ್ಪಗಿದ್ದರೆ? ಅವಳನ್ನು ತೆರೆಯ ಮೇಲೆ ಬಿಟ್ಟುಕೊಂಡರೆ ತಾನೆ ಶಿಳ್ಳೆಯ ಮಾತು!

ಸಮಾಧಾನ ಮಾಡಬೇಕಲ್ಲ, ಸುಮಂಗಲಾಳನ್ನು ಪಕ್ಕಕ್ಕೆ ಕರೆದು, “ನೀ ಹೆಂಗ ಅದಿ ಹಂಗ ಚಂದ ಅದಿ” ಎಂದು ಸೆಲ್ಫಿ ತೆಗೆದೆ. ಫೋನಿನಲ್ಲಿ ಇಣುಕಿದವಳ ಮುಖ ಅರಳಿತು. ನನಗೆ ಖುಷಿಯೋ ಖುಷಿ. ಆಮೇಲೆ ನಾನೂ ನೋಡಿದೆ. ಬ್ಯೂಟಿ ಫಿಲ್ಟರ್ ಆನ್ ಇತ್ತು. ಇಬ್ಬರೂ ಸುಣ್ಣ ಬಳಿದ ಗೋಡೆಯಂತಿದ್ದೆವು.

“ಇದನ್ನ ಟೀಚರ್‌ಗೆ ತೋರಸ್ರಿ ಮೇಡಂ. ಈಗರ ನಡುವ ನಿಂದರಸ್ತಾರೇನು?”

ಈ ಅಂಕಣದ ಮೇಲೆ ವಾರವಾರ ಅಚ್ಚಾಗುವ ನನ್ನ ಫೋಟೋ ಕೂಡ ಅದೇ ಫಿಲ್ಟರಿನದು.