ಕೆಂಪು ಗೆರೆ ಮತ್ತು ತಾಯಿ ಪತ್ರ

ಮನೆಯಲ್ಲಿ ನನಗೆ ಸಂಶಯ ಪಿಶಾಚಿ ಎಂಬ ಬಿರುದು ಮೊದಲಿನಿಂದಲೂ ಇದೆ. ಸಂತೆಯಿಂದ ತಂದ ಬದನೆಕಾಯಿಯನ್ನು ಮನೆಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ ನೋಡುವವಳು ನಾನು. ಹೀಗಾಗಿ ಧಾರವಾಡದ ನಮ್ಮ ಹೈಸ್ಕೂಲಿನ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ದಿನಾ ಬೆಳಿಗ್ಗೆ ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳತೊಡಗಿದಾಗ, ಇದು ಯಂತ್ರದ್ದೇ ದೋಷ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಯಾರದೋ ಕೈಯಿದೆ ಎಂದೇ ಅನಿಸಿತು.

ಆಫೀಸಿನಲ್ಲಿ ಇದ್ದವರು ಇಬ್ಬರೇ. ಒಬ್ಬಳು ನಾನು, ಹೆಡ್ ಕ್ಲಾರ್ಕ್. ಇನ್ನೊಬ್ಬರು ಎರಡು ವರ್ಷದ ಹಿಂದೆ ತಾತ್ಕಾಲಿಕವಾಗಿ ಬಂದ ಗುಮಾಸ್ತರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹುಬ್ಬಳ್ಳಿಯ ಆಚೆಯ ಗಬ್ಬೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರೂ ನನಗಿಂತ ಮೊದಲೇ ಬಂದು ಕಿಟಕಿ ತೆಗೆದು ಕೂತಿರುತ್ತಿದ್ದರು. ಇದೂ ನನಗೆ ಅನುಮಾನವೇ. ಇಷ್ಟು ಸಂಬಳಕ್ಕೆ ಇಷ್ಟು ಬೇಗ ಯಾರು ಬರುತ್ತಾರೆ? ಅಲ್ಲದೆ, ಇಬ್ಬರೂ ಬಳಸುವ ಆ ಒಂದೇ ಕಂಪ್ಯೂಟರ್ ತಮ್ಮ ಮೇಜಿನ ಮೇಲಿರಲಿ ಎಂದು ಅವರು ಕೇಳಿದ್ದರು, ನಾನು ಕೊಟ್ಟಿರಲಿಲ್ಲ. ಅದರ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ಅವರ ನೇಮಕ ವರ್ಷಕ್ಕೊಮ್ಮೆ ಮುಂದುವರಿಯಬೇಕು. ಅದಕ್ಕೆ ಆಡಳಿತ ಮಂಡಳಿಯ ಮುಂದೆ ನನ್ನ ಶರಾ ಹೋಗಬೇಕು. ಆ ತಿಂಗಳು ಅವರ ಫೈಲು ನನ್ನ ಡ್ರಾವರಿನಲ್ಲೇ ಇತ್ತು. ನಾನು ಎರಡು ಸಾಲು ಬರೆದರೆ ಅವರ ಮನೆಯ ಒಲೆ ಉರಿಯುತ್ತದೆ, ಬರೆಯದಿದ್ದರೆ ಇಲ್ಲ.

ತೊಂದರೆ ಏನೆಂದರೆ, ಪತ್ರ ತೆರೆದ ಕೂಡಲೇ ಪ್ರತಿ ಕನ್ನಡ ಪದದ ಕೆಳಗೆ ಕೆಂಪು ಗೆರೆ. ನಾನು ಹುಟ್ಟಿದಾಗಿನಿಂದ ಕಲಿತ ಭಾಷೆಯೆಲ್ಲ ತಪ್ಪು ಎನ್ನುವ ಹಾಗೆ ಪುಟದ ತುಂಬಾ ಕೆಂಪು. ಭಾಷೆಯ ಪಟ್ಟಿಗೆ ಹೋಗಿ ಕನ್ನಡ ಆರಿಸುತ್ತಿದ್ದೆ. ಇನ್ನು ಮುಂದೆ ಯಾವಾಗಲೂ ಇದೇ ಇರಲೇ ಎಂದು ಯಂತ್ರ ಕೇಳುತ್ತಿತ್ತು. ಹೌದು ಎನ್ನುತ್ತಿದ್ದೆ. ಗೆರೆ ಹೋಗುತ್ತಿತ್ತು. ಮರುದಿನ ಬಂದು ನೋಡಿದರೆ ಮತ್ತೆ ಇಂಗ್ಲಿಷು, ಮತ್ತೆ ಕೆಂಪು.

ಗೆರೆಯನ್ನಾದರೂ ಸಹಿಸಬಹುದಿತ್ತು. ಗುಂಡಿ ಒತ್ತಿ ಹಾಕಿದ ತಾರೀಖು ಕೂಡ ಅಮೆರಿಕದ ರೀತಿಯಲ್ಲಿ, ತಿಂಗಳು ಮುಂದೆ ದಿನ ಹಿಂದೆ ಬೀಳುತ್ತಿತ್ತು. ಅದನ್ನು ನೋಡದೆ ಮೇಲಿನ ಆಫೀಸಿಗೆ ಕಳಿಸಿದ ಒಂದು ಪತ್ರ ವಾಪಸ್ ಬಂತು. ಹೆಡ್ ಮಾಸ್ತರರು ಗುಮಾಸ್ತರ ಎದುರಿಗೇ, "ಏನ್ರೀ ಬಾಯಾರ, ಇಷ್ಟ ವರ್ಷ ಸರ್ವಿಸ್ ಮಾಡಿ ತಾರೀಖ ಬರಿಯೂದು ಮರತ್ರ್ಯಾ?" ಎಂದರು. ಗುಮಾಸ್ತರು ತಲೆ ತಗ್ಗಿಸಿಕೊಂಡು ಲಕೋಟೆಗೆ ಅಂಟು ಹಚ್ಚುತ್ತಿದ್ದರು. ಒಳಗೊಳಗೇ ನಗುತ್ತಿದ್ದಾರೆ ಎಂದುಕೊಂಡೆ. ಆ ಅವಮಾನ ನನಗೆ ಎರಡು ದಿನ ಅನ್ನ ಸೇರಗೊಡಲಿಲ್ಲ.

"ಈ ಕಂಪ್ಯೂಟರ್ ಭಾಷಾ ಯಾರ ಬದಲ ಮಾಡ್ತಾರ್ರೀ?" ಎಂದು ಕೇಳಿಯೇಬಿಟ್ಟೆ.

"ಯಾರೂ ಮಾಡಂಗಿಲ್ರಿ ಬಾಯಾರ. ಅದು ತಾನ ಆಗ್ತೈತ್ರಿ."

ತಾನಾಗಿ ಆಗುವುದಕ್ಕೆ ಅದೇನು ಮೊಸರೇ?

ಅಲ್ಲಿಂದ ಪತ್ತೇದಾರಿಕೆ ಶುರು ಮಾಡಿದೆ. ಸಂಜೆ ಹೊರಡುವಾಗ ಕೀಲಿಮಣೆಯ ಸಂದಿಯಲ್ಲಿ ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಬಡೇಸೋಪಿನ ಒಂದು ಕಾಳು ಇಟ್ಟು ಹೋದೆ. ಮುಟ್ಟಿದರೆ ಗೊತ್ತಾಗಬೇಕು. ಬೆಳಿಗ್ಗೆ ಕಾಳು ಇರಲಿಲ್ಲ. ಸಿಕ್ಕಿಬಿದ್ದರು ಎಂದುಕೊಳ್ಳುವಷ್ಟರಲ್ಲಿ ಅವರೇ ಹೇಳಿದರು: "ಬಾಯಾರ, ಮಶೀನ ಮ್ಯಾಲ ಬಡೇಸೋಪ ಬಿದ್ದಿತ್ರಿ. ಇರುವಿ ಹೊಕ್ಕಾವಂತ ಝಾಡಿಸೇನಿ." ಮತ್ತೊಂದು ಸಲ ಅವರು ಎರಡು ದಿನ ರಜೆ ಹಾಕಿದರು. ಆ ಎರಡೂ ದಿನ ಯಂತ್ರ ಇಂಗ್ಲಿಷಿಗೇ ಹೊರಳಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ನಾನು ಮಾತ್ರ, ಹೋಗುವ ಮುಂಚೆ ಒಳಗೆ ಏನೋ ಮಾಡಿಟ್ಟು ಹೋಗಿದ್ದಾರೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಕುರ್ಚಿಯಲ್ಲಿ ನಮ್ಮ ಓಣಿಯವರು, ನಮ್ಮ ಪೈಕಿಯವರು ಕೂತಿದ್ದರೆ ಇಷ್ಟು ಅನುಮಾನ ಬರುತ್ತಿತ್ತೇ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

ಇಲ್ಲಿ ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾರೂ ಖಾಲಿ ಪುಟದಿಂದ ಪತ್ರ ಶುರು ಮಾಡುವುದಿಲ್ಲ. ಬಹಳ ವರ್ಷಗಳ ಹಿಂದೆ ಮಾಡಿಟ್ಟ ಒಂದು ಪತ್ರ ಇದೆ. ಮೇಲೆ ಶಾಲೆಯ ಹೆಸರು, ಹೊರಹೋಗುವ ಪತ್ರದ ಜಾವಕ ಸಂಖ್ಯೆ, 'ಮಾನ್ಯರೇ', ಕೆಳಗೆ ಸಹಿಯ ಜಾಗ, ಎಲ್ಲ ಅಚ್ಚುಕಟ್ಟು. ಅದನ್ನು ತಾಯಿ ಪತ್ರ ಎನ್ನುತ್ತೇವೆ. ರಜೆಯ ಅರ್ಜಿಯಾಗಲಿ, ಬೆಂಚಿನ ಬೇಡಿಕೆಯಾಗಲಿ, ತಾಯಿ ಪತ್ರ ತೆರೆಯಬೇಕು, ಹಳೆಯ ಒಕ್ಕಣೆ ಅಳಿಸಿ ಹೊಸದು ಬರೆಯಬೇಕು, ಬೇರೆ ಹೆಸರಿನಲ್ಲಿ ಉಳಿಸಬೇಕು. ತಾಯಿ ಪತ್ರದ ಮೇಲೆ ಮಾತ್ರ ಯಾರೂ ಸೇವ್ ಒತ್ತಕೂಡದು. ಆ ಕಟ್ಟಳೆ ಮಾಡಿದವಳು ನಾನೇ.

ಸೋಮವಾರ ಮಂಡಳಿಯ ಸಭೆ. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಗುಮಾಸ್ತರು ನಮಾಜಿಗೆ ಹೋದ ಮೇಲೆ ನಾನು ತಾಯಿ ಪತ್ರ ತೆರೆದು ಅಧ್ಯಕ್ಷರಿಗೆ ದೂರು ಬರೆಯಲು ಕೂತೆ. 'ಸದರಿ ನೌಕರರು ಉದ್ದೇಶಪೂರ್ವಕವಾಗಿ ಕಂಪ್ಯೂಟರಿನ ಭಾಷೆಯನ್ನು ಬದಲಿಸುತ್ತಿದ್ದು, ಕಚೇರಿ ಕೆಲಸಕ್ಕೆ ಅಡ್ಡಿಯಾಗುತ್ತಿದೆ. ಇವರನ್ನು ಮುಂದುವರಿಸಲು ನನ್ನ ಸಮ್ಮತಿ ಇರುವುದಿಲ್ಲ.' ಬರೆಯುತ್ತಿದ್ದ ಹಾಗೆ ಪ್ರತಿ ಪದದ ಕೆಳಗೆ ಕೆಂಪು ಗೆರೆ ಬೀಳುತ್ತಲೇ ಬಂತು. ನೋಡಿ, ಇದೇ ಸಾಕ್ಷಿ ಎಂದು ಸಿಟ್ಟಿನಲ್ಲಿ ಇನ್ನೆರಡು ಸಾಲು ಖಾರವಾಗಿ ಸೇರಿಸಿದೆ.

ಹೊರಗೆ ಚಪ್ಪಲಿ ಬಿಡುವ ಸಪ್ಪಳವಾಯಿತು. ಅವಸರದಲ್ಲಿ ಏನೋ ಒತ್ತಿದೆ, ಮುಚ್ಚಿದೆ. ಸೋಮವಾರ ಬೇಗ ಬಂದು ಪ್ರಿಂಟ್ ತೆಗೆದರಾಯಿತು ಎಂದುಕೊಂಡೆ. ಗುಮಾಸ್ತರು ಒಳಗೆ ಬಂದು, "ಚಾ ತರಸ್ಲೇನ್ರಿ?" ಎಂದು ಕೇಳಿದರು. ಬೇಡ ಎಂದೆ, ಅವರ ಮುಖ ನೋಡದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ನಾನು ಹೋದಾಗ ಅವರು ತಮ್ಮ ಮೇಜಿನಲ್ಲಿ ಸುಮ್ಮನೆ ಕೂತಿದ್ದರು. ನನ್ನ ಮೇಜಿನ ಮೇಲೆ ಎರಡು ಹಾಳೆ. ಒಂದು, ನೇಮಕ ಮುಂದುವರಿಸಲು ಅವರು ಬರೆದ ಅರ್ಜಿ. ಇನ್ನೊಂದು, ನನ್ನ ದೂರು.

"ಅರ್ಜಿ ಬರಿಯಾಕಂತ ತಾಯಿ ಪತ್ರ ತಗದ್ನಿರಿ," ಎಂದರು. ದನಿ ಏರಿರಲಿಲ್ಲ. "ಅದರಾಗ ಇದು ಇತ್ರಿ. ನೀವು ಅದರ ಮ್ಯಾಲನ ಸೇವ್ ಒತ್ತೀರಿ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ನಾ ಬಾಳ ಹೊತ್ತ ಅದನ್ನ ನೋಡಕೋಂತ ಕುಂತೆರಿ. ಭಾಷಾ ಯಾರು ಬದಲ ಮಾಡ್ಯಾರ ಅಂತ ಹುಡುಕಬೇಕಲ್ರಿ, ನನ್ನ ಹೆಸರ ಐತಲ್ಲ ಅದರಾಗ. ಆಮ್ಯಾಲ ತಿಳೀತ್ರಿ. ತಾಯಿ ಪತ್ರನ ಇಂಗ್ಲಿಷದಾಗ ಹುಟ್ಟೇತ್ರಿ. ನೀವು ದಿನಾ ಕನ್ನಡ ಮಾಡೂದು ಅವತ್ತಿನ ಪತ್ರಕ್ಕ, ಇಲ್ಲಾ ಹೊಸಾ ಖಾಲಿ ಪುಟಕ್ಕ ಹತ್ತತೈತಿ, ತಾಯಿ ಪತ್ರಕ್ಕಲ್ಲ. ಖಾಲಿ ಪುಟ ನಾವು ಯಾರೂ ತಗಿಯಂಗೇ ಇಲ್ಲ. ಹಳೀ ಮಶೀನಿನ್ಯಾಗ ತಪ್ಪ ತೋರಸೂದು ಬಂದ್ ಇತ್ತು, ಅದಕ್ಕ ಕಂಡಿರಲಿಲ್ರಿ."

ಅವರು ಎದ್ದು ಬಂದು ಪತ್ರದ ವಿವರ ತೆರೆದು ತೋರಿಸಿದರು. ಅದನ್ನು ಮೊದಲು ಮಾಡಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಅವರು ಈ ಶಾಲೆಯ ಹೊಸ್ತಿಲು ತುಳಿಯುವುದಕ್ಕೆ ಏಳು ವರ್ಷ ಮೊದಲಿನ ತಾರೀಖು.

"ಈಗ ಸರಿ ಮಾಡೇನ್ರಿ. ತಾಯಿ ಪತ್ರಕ್ಕನ ಕನ್ನಡ ಹಾಕೇನಿ. ಇನ್ನ ಹೊರಳಂಗಿಲ್ಲ." ಆಮೇಲೆ ನನ್ನ ದೂರಿನ ಹಾಳೆಯನ್ನು ಬೆರಳಿನಿಂದ ನನ್ನ ಕಡೆ ಸರಿಸಿದರು. "ಇದನ್ನೂ ಸರಿ ಮಾಡೇ ಪ್ರಿಂಟ್ ತಗದೇನ್ರಿ. ತಾರೀಖ ತಿಂಗಳ ಹಿಂದ ಮುಂದ ಆಗಿತ್ತು, ತಿದ್ದೇನಿ. ನಿಮ್ಮ ಸಹಿ ಒಂದ ಬಾಕಿ ಐತ್ರಿ."

ನಾಚಿಕೆ ಎಂದರೇನು ಎಂಬುದು ನನಗೆ ಐವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು. "ತಪ್ಪಾತ್ರಿ," ಎಂದೆ. ದೂರನ್ನು ನಾಲ್ಕಾಗಿ ಹರಿದೆ. ಡ್ರಾವರಿನಿಂದ ಅವರ ಫೈಲು ತೆಗೆದು, ಅವರ ಎದುರಿಗೇ ಶರಾ ಬರೆದು ಸಹಿ ಮಾಡಿದೆ. ಸೋಮವಾರ ಮಂಡಳಿ ಅವರನ್ನು ಮುಂದುವರಿಸಿತು.

ಈಗಲೂ ಅವರು ನನಗಿಂತ ಮೊದಲೇ ಬಂದು ಕಿಟಕಿ ತೆಗೆದಿರುತ್ತಾರೆ, ಚಹಾ ತರಿಸಲೇ ಎಂದು ಕೇಳುತ್ತಾರೆ. ತಾಯಿ ಪತ್ರ ಕನ್ನಡದಲ್ಲೇ ನಿಂತಿದೆ, ಒಂದು ಕೆಂಪು ಗೆರೆಯೂ ಇಲ್ಲ. ಆದರೆ ಅವರು ಅದನ್ನು ಬಳಸುವುದಿಲ್ಲ. ಪ್ರತಿ ಪತ್ರಕ್ಕೂ ಖಾಲಿ ಪುಟ ತೆಗೆದು, ಶಾಲೆಯ ಹೆಸರಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಬರೆಯುತ್ತಾರೆ. ಮೊದಲೆಲ್ಲ ಅರ್ಧ ಬರೆದ ಪತ್ರವನ್ನು ಹಾಗೇ ತೆರೆದಿಟ್ಟು ಊಟಕ್ಕೆ ಹೋಗುತ್ತಿದ್ದರು. ಈಗ ಏಳುವ ಮುಂಚೆ ಪತ್ರ ಮುಚ್ಚುತ್ತಾರೆ, ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡುತ್ತಾರೆ, ಆಮೇಲೆ ನನ್ನ ಕಡೆ ನೋಡಿ, "ಊಟಾ ಮಾಡಿ ಬರ್ತೇನ್ರಿ ಬಾಯಾರ" ಎಂದು ಹೋಗುತ್ತಾರೆ.