ಮಣ್ಣು ಕಟ್ಟದ ಬಿತ್ತನೆ ಅವರೆ

ಹುಳಿಮಾವು ಊರಲ್ಲಿದ್ದ ನಮ್ಮ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೂ ನನ್ನ ಅಕ್ಕ ಕಾಂಪೌಂಡಿನ ಪಕ್ಕದ ಗೇಣಗಲ ಮಣ್ಣಿನಲ್ಲಿ ವರ್ಷವೂ ಅವರೆ ಹಾಕುತ್ತಿದ್ದಳು. ಬೀಜ ಅಮ್ಮನ ಕಾಲದ್ದು. ಅದರ ಸೊಗಡು ಕೈಗೆ ಅಂಟಿದರೆ ಸೋಪಿಗೂ ಹೋಗುತ್ತಿರಲಿಲ್ಲ.

ಹೋದ ವರ್ಷ ಮಂಡಿ ಆಪರೇಷನ್ನಿಗೆ ಮುಂಚೆ ಬೀಜವನ್ನೆಲ್ಲ ಬನಶಂಕರಿಯ ನನ್ನ ಮನೆಗೆ ಕಳಿಸಿದಳು. "ಕೆಮ್ಮಣ್ಣು ಕಲಸಿ ಹಚ್ಚಿ, ಬಿಸಿಲಲ್ಲಿ ಒಣಗಿಸಿ ಇಡು. ಇಲ್ಲಾಂದ್ರೆ ಹುಳ ಬೀಳುತ್ತೆ. ಇರೋದೇ ಇಷ್ಟು ಕಣೋ."

ಕೆಮ್ಮಣ್ಣು ಹುಡುಕಿಕೊಂಡು ಯಾರು ಅಲೆಯುತ್ತಾರೆ ಎಂದು ಬಿಗಿ ಮುಚ್ಚಳದ ಡಬ್ಬಿಗೆ ಸುರಿದುಬಿಟ್ಟೆ. ಇರುವೆಯೂ ನುಗ್ಗದು ಎಂಬ ಧೈರ್ಯ. ಹುಳ ಹೊರಗಿನಿಂದ ಬರುವುದಿಲ್ಲ, ಗಿಡದಲ್ಲಿದ್ದಾಗಲೇ ಕಾಳಿನೊಳಗೆ ಸೇರಿರುತ್ತದೆ. ಹೊಲದಲ್ಲಿ ಬೆಳೆದ ನನಗೆ ಅದು ಗೊತ್ತಿರಬೇಕಿತ್ತು.

ಅಕ್ಕ ಫೋನು ಮಾಡಿದಾಗಲೆಲ್ಲ, "ಮಣ್ಣು ಕಟ್ಟಿದ್ಯೇನೋ?"

"ಆಗಲೇ ಆಯ್ತಕ್ಕ."

ಆಷಾಢದಲ್ಲಿ ಮುಚ್ಚಳ ತೆಗೆದರೆ ಹಿಟ್ಟು. ಒಂದೊಂದು ಕಾಳಿಗೂ ಮೂರು ನಾಲ್ಕು ತೂತು, ಅಂಗೈ ಮೇಲೆ ಹರಿದಾಡುವ ಕಂದು ಹುಳಗಳು. ಡಬ್ಬಿಯ ಮೇಲೆ ಸಿಟ್ಟು ಬಂತು, ನನ್ನ ಮೇಲಲ್ಲ. ಬೆಳಗ್ಗೆ ಬಂದ ಹಸಿ ಕಸದ ಗಾಡಿಗೆ ಸುರಿದೆ. ಅಂಗಡಿಯಲ್ಲಿ ಒಣ ಅವರೆ ಕೊಂಡೆ. ನರ್ಸರಿಯಿಂದ ಕೆಮ್ಮಣ್ಣು ತಂದೆ. ಹೌದು, ಆಗ ಸಿಕ್ಕಿತು. ಹಚ್ಚಿ ಒಣಗಿಸಿ ಅಕ್ಕನಿಗೆ ಕೊಟ್ಟೆ. ಮಣ್ಣು ಮೆತ್ತಿದ ಕಾಳಿನ ಗುರುತು ಯಾರಿಗೆ ಸಿಗುತ್ತದೆ?

"ಚೆನ್ನಾಗಿ ಕಟ್ಟಿದ್ದೀಯ, ಅಮ್ಮನ ಹಾಗೇ," ಅಂದಳು.

ಪುಷ್ಯದಲ್ಲಿ ಹೋದಾಗ ಅಕ್ಕ ಕಾಯಿ ಕಿತ್ತು ಮೂಸುತ್ತಾ, ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸಿಗೆ ಬೈಯುತ್ತಿದ್ದಳು.

"ವಾಷಿಂಗ್ ಮಷೀನ್ ನೀರು ಬಿಟ್ಟು ಸೊಗಡೆಲ್ಲಾ ಹಾಳು ಮಾಡಿದ್ದೀಯಲ್ಲೇ!"

"ಆಂಟಿ, ದೇವರಾಣೆ ಒಂದು ಚೊಂಬೂ ಹಾಕಿಲ್ಲ. ನಮ್ಮ ಪೈಪ್ ಆ ಕಡೆ ಇದೆ, ನೋಡಿ ಬೇಕಾದ್ರೆ," ಎಂದು ಅವಳು ಅಳುತ್ತಿದ್ದಳು.

ಆಗಲೂ ಸುಮ್ಮನಿರುತ್ತಿದ್ದೆನೇನೋ. "ಮುಂದಿನ ತಿಂಗಳು ಮನೆ ಖಾಲಿ ಮಾಡು," ಎಂದಳು ಅಕ್ಕ. ಆಮೇಲೆ ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿದೆ.

ಅಕ್ಕ ನನಗೆ ಬೈಯಲಿಲ್ಲ. ಕೈಲಿದ್ದ ಕಾಯಿ ಕೆಳಗಿಟ್ಟು ಕೇಳಿದಳು: "ತೂತಿಲ್ಲದ್ದು ಒಂದಾದ್ರೂ ಇತ್ತಾ, ಆರಿಸಿ ನೋಡಿದ್ಯಾ?"

"ಇಲ್ಲಕ್ಕ."

"ಹತ್ತು ಕಾಳು ಸಾಕಾಗಿತ್ತು."

ಆ ಹೆಂಗಸಿನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ಹೊರಡುವಾಗ, ಕಿತ್ತ ಕಾಯಿಯನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಕೈಗೇ ಕೊಟ್ಟಳು. "ನಿಂದು, ತಗೊಂಡು ಹೋಗು."

ಮನೆಯಲ್ಲಿ ಅದನ್ನು ಸುಲಿದೆ. ಬೆರಳು ಮೂಸಿ ನೋಡಿದೆ. ಏನೂ ಇರಲಿಲ್ಲ.